ಟೊಮೇಟೊ ಸಸಿಗಳು ಸಪೂರವಾಗಿ ಉದ್ದ ಬೆಳೆದು ಮಲಗ್ತಿವೆ, ನೀರು ಹಾಕಿದ್ರೂ ಏಳ್ತಿಲ್ಲ

ಕಿಟಕಿತೋಟ:
ಮನೆಯೊಳಗೆ ಸಸಿ ಮಾಡ್ತಿರೋದು ಇದೇ ಮೊದಲು. ಟ್ರೇಗೆ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿ ಟೊಮೇಟೊ, ಮೆಣಸಿನಕಾಯಿ ಬೀಜ ಹಾಕಿದ್ದೆ. ಮೊಳಕೆ ಚೆನ್ನಾಗೇ ಬಂತು. ಈಗ ಟೊಮೇಟೊ ಸಸಿಗಳು ನೂಲಿನ ಹಾಗೆ ಉದ್ದವಾಗಿ ಕಿಟಕಿ ಕಡೆ ವಾಲಿವೆ. ಒಂದು ಮೂಲೆಯಲ್ಲಿ ನಾಲ್ಕೈದು ಸಸಿ ರಾತ್ರಿ ಬೆಳಗಾಗೋದ್ರಲ್ಲಿ ಮಲಗಿಬಿಟ್ಟವು. ಬಾಡಿವೆ ಅಂತ ದಿನಾ ಎರಡು ಹೊತ್ತು ನೀರು ಹಾಕ್ತಿದ್ದೀನಿ, ಪ್ರಯೋಜನ ಇಲ್ಲ. ಸಣ್ಣ ಕಪ್ಪು ನೊಣಗಳೂ ಹಾರಾಡ್ತಿವೆ. ಗೊಬ್ಬರ ಕಮ್ಮಿ ಆಯ್ತಾ?

ಬೇರುಗಂಟು:
ಮೊದಲು ನೀರು ನಿಲ್ಲಿಸಿ. ಗೊಬ್ಬರದ ಮಾತು ಆಮೇಲೆ. ಮಲಗಿದ ಸಸಿಯ ಕಾಂಡ ಕೋಕೋಪೀಟಿಗೆ ತಾಗೋ ಜಾಗದಲ್ಲಿ ಹೇಗಿದೆ? ಹಸಿರಾಗಿ ಗಟ್ಟಿಯಾಗಿದೆಯಾ, ಕಂದು ಬಣ್ಣಕ್ಕೆ ತಿರುಗಿ ಸಣ್ಣಗಾಗಿದೆಯಾ?

ಕಿಟಕಿತೋಟ:
ಕಂದು. ಹಿಂಡಿದ ಹಾಗೆ ಸಣ್ಣಗಾಗಿದೆ. ಉಳಿದ ಸಸಿಗಳ ಬುಡ ಹಸಿರಾಗೇ ಇದೆ.

ಬೇರುಗಂಟು:
ಹಾಗಾದ್ರೆ ನಿಮ್ಮ ಟ್ರೇಯಲ್ಲಿ ಎರಡು ಬೇರೆ ಬೇರೆ ತೊಂದರೆ ಇದೆ.

ಮೂಲೆಯಲ್ಲಿರೋದು ಸಸಿ ಸಾಯುವ ರೋಗ, ಡ್ಯಾಂಪಿಂಗ್ ಆಫ್ ಅಂತಾರಲ್ಲ ಅದು. ಪಿಥಿಯಂ, ರೈಜೋಕ್ಟೋನಿಯಾ ಥರದ ರೋಗಾಣುಗಳು ಬುಡವನ್ನೇ ಕೊಳೆಸುತ್ತವೆ. ಪಿಥಿಯಂನ ಬೀಜಕಣಗಳು ನೀರಲ್ಲಿ ಈಜಿಕೊಂಡು ಹೋಗಬಲ್ಲವು, ಅದಕ್ಕೇ ಸದಾ ಒದ್ದೆ ಇರೋ ಟ್ರೇಯಲ್ಲಿ ಒಂದು ಮೂಲೆಯಿಂದ ಶುರುವಾಗಿ ಹರಡುತ್ತೆ. ಬುಡ ಕೊಳೆತ ಮೇಲೆ ನೀರು ಮೇಲಕ್ಕೆ ಹೋಗಲ್ಲ, ಎಲೆ ಬಾಡುತ್ತೆ. ನೀವು ಬಾಯಾರಿಕೆ ಅಂದ್ಕೊಂಡು ಇನ್ನಷ್ಟು ನೀರು ಹಾಕ್ತೀರಿ, ರೋಗಕ್ಕೆ ಅದೇ ಬೇಕಾಗಿದ್ದು. ಹಸಿ ಮಣ್ಣಲ್ಲಿ ನಿಂತ ಸಸಿ ಬಾಡಿದ್ರೆ ಅದಕ್ಕೆ ಬೇಕಿರೋದು ನೀರಲ್ಲ.

ಬಿದ್ದವು ಉಳಿಯಲ್ಲ. ಸುತ್ತಲಿನ ಕೋಕೋಪೀಟ್ ಸಮೇತ ತೆಗೆದು ಬಿಸಾಡಿ. ಟ್ರೇಗೆ ಮುಚ್ಚಳ ಇದ್ರೆ ತೆಗೆದುಬಿಡಿ, ಮೊಳಕೆ ಬಂದ ಮೇಲೆ ಅದರ ಕೆಲಸ ಮುಗೀತು. ಫ್ಯಾನ್ ಗಾಳಿ ಮೆಲ್ಲಗೆ ಆಡಲಿ. ಮೇಲ್ಪದರ ಒಣಗಿ ಬಣ್ಣ ತಿಳಿಯಾದ ಮೇಲೆ ತಳದ ತಟ್ಟೆಗೆ ನೀರು ಹಾಕಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನ ಚೆಲ್ಲಿ.

ಮಣ್ಣುಮುಟ್ಟು:
ದಾಲ್ಚಿನ್ನಿ ಪುಡಿ ಉದುರಿಸಿ, ಫಂಗಸ್ ಹೋಗುತ್ತೆ.

ಬೇರುಗಂಟು:
ಮೇಲೆ ಕಾಣೋ ಬಿಳಿ ಬೂಷ್ಟು ಸ್ವಲ್ಪ ಕಮ್ಮಿಯಾಗಬಹುದು. ಆ ಬೂಷ್ಟು ಹೆಚ್ಚಾಗಿ ನಿರುಪದ್ರವಿ. ಕೊಳೆತ ಬುಡ ಅದರಿಂದ ಸರಿಹೋಗಲ್ಲ, ಟ್ರೇ ಒದ್ದೆ ಇರೋವರೆಗೂ ಯಾವ ಪುಡಿಯನ್ನೂ ನಾನು ನೆಚ್ಚಲ್ಲ.

ಇನ್ನು ಎರಡನೆಯದು, ಉದ್ದ ಬೆಳೆದಿರೋದು. ಅದು ಬೆಳಕಿನ ಕೊರತೆ. ನಮ್ಮ ಕಣ್ಣಿಗೆ ಕಿಟಕಿ ಪಕ್ಕ ಧಾರಾಳ ಬೆಳಕು ಅನ್ನಿಸುತ್ತೆ, ಸಸಿಗೆ ಅದು ಒಂದೇ ಕಡೆಯಿಂದ ಬರೋ ಅರೆಬೆಳಕು. ಗಿಡಕ್ಕಂತಲೇ ಮಾರೋ ದುಬಾರಿ ನೇರಳೆ ಲೈಟ್ ಬೇಕಿಲ್ಲ. ಮಾಮೂಲಿ ಬಿಳಿ ಎಲ್‌ಇಡಿ ಟ್ಯೂಬನ್ನ ಸಸಿಯ ತುದಿಯಿಂದ 5ರಿಂದ 10 ಸೆಂ.ಮೀ. ಮೇಲೆ ತೂಗುಹಾಕಿ, ದಿನಕ್ಕೆ 14–16 ಗಂಟೆ ಉರಿಸಿ. ಸಸಿ ಬೆಳೆದ ಹಾಗೆ ಟ್ಯೂಬನ್ನೂ ಏರಿಸ್ತಾ ಹೋಗಿ. ಚಾವಣಿಯಲ್ಲಿರೋ ಲೈಟ್ ಲೆಕ್ಕಕ್ಕಿಲ್ಲ.

ನೊಣದ ಮರಿಹುಳುಗಳು ಇರೋದು ಒದ್ದೆ ಮೇಲ್ಪದರದಲ್ಲಿ. ಅದು ಒಣಗಿದ್ರೆ ಅರ್ಧ ಕಾಟ ಮುಗೀತು. ಹಳದಿ ಅಂಟುಕಾರ್ಡಿಗೆ ಹಾರಾಡೋವು ಮಾತ್ರ ಸಿಗುತ್ತವೆ.

ಕಿಟಕಿತೋಟ:
ಟ್ಯೂಬ್ ಹಾಕಿದೆ, ಟ್ರೇ ಒಣಗಿಸಿದೆ. ಹೊಸದಾಗಿ ಯಾವುದೂ ಬಿದ್ದಿಲ್ಲ. ಆದ್ರೆ ಕೆಳಗಿನ ಜೋಡಿ ಎಲೆ ಹಳದಿಯಾಗ್ತಿದೆ. ಉದ್ದವಾದವನ್ನ ಏನು ಮಾಡ್ಲಿ?

ಬೇರುಗಂಟು:
ಮೇಲೆ ಹಲ್ಲುಹಲ್ಲಾದ ಹೊಸ ಎಲೆ ಹಸಿರಾಗಿದ್ರೆ ಕೆಳಗಿನ ಜೋಡಿ ಬೀಜದಳ, ಅಂದ್ರೆ ಮೊಳಕೆ ಜೊತೆ ಮೊದಲು ಬಂದ ಎಲೆಗಳು; ಅವು ಹಳದಿಯಾಗಿ ಉದುರೋದು ಸಹಜ. ಹೊಸ ಎಲೆಗಳೇ ತೆಳು ಹಸಿರಾಗಿದ್ರೆ ನಿಮ್ಮ ಮೊದಲ ಪ್ರಶ್ನೆಗೆ ಈಗ ಉತ್ತರ: ಹೌದು, ಗೊಬ್ಬರ ಬೇಕು. ಕೋಕೋಪೀಟಲ್ಲಿ ಪೋಷಕಾಂಶ ಇಲ್ಲ ಅಂತಲೇ ಲೆಕ್ಕ. ನೀರಲ್ಲಿ ಕರಗೋ ಗೊಬ್ಬರವನ್ನ ಪೊಟ್ಟಣದ ಮೇಲೆ ಬರೆದಿರೋ ಅಳತೆಯ ಕಾಲು ಭಾಗ ಹಾಕಿ, ವಾರಕ್ಕೊಂದು ಸಲ ಕೊಡಿ.

ಉದ್ದವಾದ ಟೊಮೇಟೊಗಳನ್ನ ಕುಂಡಕ್ಕೆ ಬದಲಿಸುವಾಗ ಬೀಜದಳದವರೆಗೂ ಹೂತುಬಿಡಿ, ಹೂತ ಕಾಂಡದಲ್ಲೇ ಬೇರು ಒಡೆಯುತ್ತೆ. ಎತ್ತುವಾಗ ಕಾಂಡ ಹಿಡಿಯಬೇಡಿ, ಎಲೆ ಹಿಡಿದು ಎತ್ತಿ. ಎಲೆ ಹರಿದ್ರೆ ಇನ್ನೊಂದು ಬರುತ್ತೆ, ಕಾಂಡ ನಜ್ಜಾದ್ರೆ ಸಸಿಯೇ ಹೋಯ್ತು.

ಕಿಟಕಿತೋಟ:
ಮೆಣಸಿನಕಾಯಿನೂ ಹಾಗೇ ಹೂಳಬಹುದಾ?

ಬೇರುಗಂಟು:
ಅದು ಕಾಂಡದಲ್ಲಿ ಅಷ್ಟು ಸುಲಭವಾಗಿ ಬೇರು ಬಿಡಲ್ಲ. ಟ್ರೇಯಲ್ಲಿದ್ದ ಮಟ್ಟಕ್ಕೇ ನೆಡಿ, ವಾಲಿದ್ರೆ ಕಡ್ಡಿ ಆಸರೆ ಕೊಡಿ. ಈ ಟ್ರೇಯನ್ನ ಮತ್ತೆ ಬಳಸೋ ಮುಂಚೆ ತೊಳೆದು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಸೇರಿಸಿ 10 ನಿಮಿಷ ನೆನೆಸಿಡಿ. ಹಳೇ ಕೋಕೋಪೀಟಲ್ಲಿ ಇನ್ನೊಮ್ಮೆ ಬೀಜ ಹಾಕಬೇಡಿ.