ಏಕವಚನ, ಬಹುವಚನ ಮತ್ತು ಸಾಮಾಜಿಕ ಶ್ರೇಣಿ

ಪ್ರಶ್ನೆ (ಸಮಾಜಶಾಸ್ತ್ರ ವಿದ್ಯಾರ್ಥಿನಿ, ಜಮಖಂಡಿ):
ಭಾಷೆ ಮತ್ತು ಚಿಹ್ನೆಗಳು ಸಮಾಜದ ವ್ಯವಸ್ಥೆಯನ್ನು ರೂಪಿಸುತ್ತವೆ ಎಂದು ಎಂ.ಎ. ಪಠ್ಯದಲ್ಲಿ ಓದುತ್ತಿದ್ದೇನೆ. ನಮ್ಮ ಭಾಗದ ಹಳ್ಳಿಗಳಲ್ಲಿ ಅರವತ್ತು ದಾಟಿದ ಕೂಲಿಯವರನ್ನು ಹೊಲದ ಮಾಲೀಕರ ಹದಿಹರೆಯದ ಮಗ ‘ಬಾರಲೇ’ ಎಂದು ಕರೆಯುವುದನ್ನೂ, ಆ ಹಿರಿಯರು ಹುಡುಗನಿಗೆ ‘ಬರ್ರಿ ಸಣ್ಣಗೌಡ್ರ’ ಎನ್ನುವುದನ್ನೂ ಈಗಲೂ ಕೇಳಬಹುದು. ಜಾತಿ ಮತ್ತು ಭೂಮಿಯಿಂದ ಮೊದಲೇ ಏರ್ಪಟ್ಟ ಶ್ರೇಣಿಯನ್ನು ಮಾತು ತೋರಿಸುತ್ತದೆಯಷ್ಟೆಯೋ, ಅದನ್ನು ಕಟ್ಟುವುದರಲ್ಲೂ ಮಾತಿಗೆ ಪಾಲಿದೆಯೋ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ನಿವೃತ್ತ ಅಧ್ಯಾಪಕ, ವಿಜಯಪುರ):
ತಂಗಿ, ಪಾಲಿದೆ ಎಂಬುದೇ ನನ್ನ ಅಭಿಪ್ರಾಯ. 1916ರಲ್ಲಿ ಪ್ರಕಟವಾದ ಉಪನ್ಯಾಸಗಳಲ್ಲಿ ಭಾಷಾವಿಜ್ಞಾನಿ ಸೊಸ್ಯೂರ್ ಹೇಳುವಂತೆ, ಯಾವ ಚಿಹ್ನೆಗೂ ಒಂಟಿಯಾಗಿ ಅರ್ಥವಿಲ್ಲ. ಪಕ್ಕದ ಚಿಹ್ನೆಗಿಂತ ಅದು ಬೇರೆಯಾಗಿರುವುದರಿಂದ ಅರ್ಥ ಹುಟ್ಟುತ್ತದೆ. ಏಕವಚನವೂ ತಾನಾಗಿಯೇ ಅವಮಾನವಲ್ಲ, ನಾವೆಲ್ಲ ಅವ್ವನನ್ನು ‘ನೀ’ ಎಂದೇ ಮಾತನಾಡಿಸುತ್ತೇವೆ. ಅಮೆರಿಕದ ವಿದ್ವಾಂಸರಾದ ಬ್ರೌನ್ ಮತ್ತು ಗಿಲ್ಮನ್ 1960ರಲ್ಲಿ ಯುರೋಪಿನ ಭಾಷೆಗಳ ಸರ್ವನಾಮಗಳ ಬಗ್ಗೆ ಬರೆದಾಗ ಗುರುತಿಸಿದ್ದೂ ಇದನ್ನೇ: ಇಬ್ಬರೂ ಪರಸ್ಪರ ಒಂದೇ ರೂಪವನ್ನು ಬಳಸಿದರೆ ಅದು ಸಲುಗೆ ಇಲ್ಲವೆ ಸಮಾನರ ಗೌರವ, ಒಬ್ಬರು ಬಳಸಿದ ರೂಪವನ್ನು ಇನ್ನೊಬ್ಬರು ಹಿಂದಿರುಗಿಸುವಂತಿಲ್ಲವಾದರೆ ಅದು ಅಧಿಕಾರ. ಆ ಹಿರಿಯರ ಎದುರು ಯಾರೂ ಕೋಲು ಹಿಡಿದು ನಿಂತಿರುವುದಿಲ್ಲ, ಆದರೂ ಅವರ ಬಾಯಿಂದ ಬಹುವಚನವೇ ಬರುತ್ತದೆ. ಹೀಗೆ ಕೆಳಗಿರುವವರಿಗೂ ಶ್ರೇಣಿ ಸಹಜವೆಂದು ತೋರುವಂತೆ ಮಾಡುವುದನ್ನು ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯೆರ್ ಬೋರ್ದ್ಯೂ ಸಾಂಕೇತಿಕ ಹಿಂಸೆ ಎಂದು ಕರೆದರು.

ಉತ್ತರ (ಶಿಕ್ಷಕಿ, ಬೈಲಹೊಂಗಲ):
ಸರ್ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಮಾತಿನ ಶಕ್ತಿಯನ್ನೂ ಅದರ ಮಿತಿಯನ್ನೂ ನಮ್ಮ ಭಾಗದ ಚರಿತ್ರೆಯೇ ತೋರಿಸಿದೆ. ಬಾಗೇವಾಡಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರು ‘ಅಯ್ಯಾ’ ಎಂದರೆ ಸ್ವರ್ಗ, ‘ಎಲವೋ’ ಎಂದರೆ ನರಕ ಎಂದರು. ಶರಣರ ಹೆಸರುಗಳನ್ನೇ ನೋಡಿರಿ: ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ. ಕುಲಕಸುಬಿನ ಗುರುತನ್ನು ಮುಚ್ಚಿಡದೆ ಅದರ ಜೊತೆಯಲ್ಲಿಯೇ ‘ಅಯ್ಯ’ವನ್ನು ನಿಲ್ಲಿಸಿ, ಯಾವ ಗುರುತಿನಿಂದ ಜನರನ್ನು ಕೀಳೆಂದು ದೂರವಿಡಲಾಗುತ್ತಿತ್ತೋ ಅದನ್ನೇ ಗೌರವದ ಹೆಸರಾಗಿಸಿದ 12ನೆಯ ಶತಮಾನದ ಆ ಧೈರ್ಯ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಆದರೆ ಪರಂಪರೆ ಹೇಳುವಂತೆ, ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಮದುವೆಯಾದಾಗ ತಂದೆಯರಿಬ್ಬರಿಗೂ ಮರಣದಂಡನೆಯಾಯಿತು. ‘ಅಯ್ಯ’ ಎಂಬ ಸಂಬೋಧನೆಯನ್ನು ಸಹಿಸಿಕೊಂಡ ಕಲ್ಯಾಣದ ಪ್ರಭುತ್ವ ಬೀಗತನವನ್ನು ಸಹಿಸಲಿಲ್ಲ.

ಉತ್ತರ (ವಕೀಲ, ಬೆಳಗಾವಿ):
ಕಾನೂನಿನ ಒಂದು ಅಂಶವನ್ನು ಸೇರಿಸುತ್ತೇನೆ. 1989ರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಅಧಿನಿಯಮವು ಸಾರ್ವಜನಿಕರ ಎದುರು ಉದ್ದೇಶಪೂರ್ವಕವಾಗಿ ಅವಮಾನಿಸುವುದನ್ನು ಅಪರಾಧವೆಂದಿತು. 2015ರ ತಿದ್ದುಪಡಿಯು ಜಾತಿಯ ಹೆಸರೆತ್ತಿ ಬೈಯುವುದನ್ನು ಪ್ರತ್ಯೇಕವಾಗಿ ಸೇರಿಸಿತು. ಮಾತೂ ಒಂದು ಕೃತ್ಯವೆಂದು ಶಾಸನ ಒಪ್ಪಿದೆ ಎಂದಾಯಿತು. ಬರಿಯ ಏಕವಚನವನ್ನು ಅದು ಹೆಸರಿಸಿಲ್ಲ, ಆದ್ದರಿಂದ ನಿಮ್ಮ ಅಧ್ಯಯನಕ್ಕೆ ಅದನ್ನೇ ಎತ್ತಿಕೊಳ್ಳಿರಿ. ಅದೇ ಇಬ್ಬರು ಹೊಲದಲ್ಲಿ, ಪಂಚಾಯಿತಿ ಕಚೇರಿಯಲ್ಲಿ, ಚುನಾವಣೆಯಲ್ಲಿ ಮತ ಕೇಳುವಾಗ ಒಬ್ಬರಿಗೊಬ್ಬರು ಯಾವ ರೂಪವನ್ನು ಬಳಸುತ್ತಾರೆ ಎಂಬುದನ್ನು ಬರೆದಿಟ್ಟುಕೊಂಡು ಹೋಲಿಸಿ ನೋಡಿರಿ.