ಕೀಟ ಕಚ್ಚಿದ ಗಾಯ ಮಾಯುತ್ತಿಲ್ಲ: ವೈದ್ಯರಿಗೆ ತೋರಿಸಬೇಕೇ?

ಪ್ರಶ್ನೆ: ಮೊಣಕಾಲಿನ ಕೆಳಗೆ ಯಾವುದೋ ಕೀಟ ಕಚ್ಚಿ ವಾರ ಕಳೆದರೂ ಗಾಯ ಮಾಯದೆ, ಸುತ್ತಲಿನ ಚರ್ಮ ಕೆಂಪಾಗಿ ಬಿಸಿಯಾಗಿದ್ದು, ತುರಿಕೆಯ ಬದಲು ಈಗ ನೋವು ಕಾಣಿಸಿಕೊಂಡಿದೆ. ಇದು ತಾನಾಗಿಯೇ ಇಳಿಯುವ ಬಾವೇ?

ಉತ್ತರ 1: ಮೊದಲ ಒಂದೆರಡು ದಿನಗಳ ಕೆಂಪು, ಬಾವು ಮತ್ತು ತುರಿಕೆ ಸಾಮಾನ್ಯವಾಗಿ ಅಲರ್ಜಿಯ ಪ್ರತಿಕ್ರಿಯೆಯಾಗಿದ್ದು, ಕ್ರಮೇಣ ಇಳಿಯುತ್ತವೆ. ಆದರೆ ಕೆಂಪು ಹರಡುತ್ತಾ, ಮುಟ್ಟಿದರೆ ನೋಯುತ್ತಿದ್ದರೆ, ಕೆರೆದ ಜಾಗದಿಂದ ಬ್ಯಾಕ್ಟೀರಿಯಾ ಒಳಹೊಕ್ಕು ಸೆಲ್ಯುಲೈಟಿಸ್ (ಚರ್ಮದ ಒಳಪದರಗಳ ಸೋಂಕು) ಆಗಿರುವ ಸಾಧ್ಯತೆಯಿದೆ. ಅದಕ್ಕೆ ತುರಿಕೆಯ ಮುಲಾಮು ಸಾಲದು, ಆಂಟಿಬಯೋಟಿಕ್ ಬೇಕಾಗುತ್ತದೆ. ಕೆಂಪು ಹರಡುತ್ತಿದೆಯೇ ಎಂದು ತಿಳಿಯಲು ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು, ಇಂದೇ ವೈದ್ಯರಿಗೆ ತೋರಿಸಿ. ಜ್ವರ, ಚಳಿ ಅಥವಾ ಗಾಯದಿಂದ ಮೇಲಕ್ಕೆ ಸಾಗುವ ಕೆಂಪು ಗೆರೆಗಳು ಕಂಡರೆ ತುರ್ತು ಚಿಕಿತ್ಸಾ ವಿಭಾಗಕ್ಕೇ ಹೋಗಿ.

ಉತ್ತರ 2: ಮೇಲಿನವರ ಮಾತು ಸರಿ. ಮಧುಮೇಹವಿದ್ದರೆ ಇನ್ನೂ ಬೇಗ ತೋರಿಸಬೇಕು. ಕಚ್ಚಿದ್ದು ಉಣ್ಣೆಯಾಗಿದ್ದರೆ, 3ರಿಂದ 30 ದಿನಗಳೊಳಗೆ ನಿಧಾನವಾಗಿ ಅಗಲವಾಗುವ ಕೆಂಪು ಮಚ್ಚೆ, ನೋವಿಲ್ಲದಿದ್ದರೂ, ಲೈಮ್ ಕಾಯಿಲೆಯ (ಉಣ್ಣೆ ಕಡಿತದಿಂದ ಹರಡುವ ಬ್ಯಾಕ್ಟೀರಿಯಾ ಸೋಂಕು) ಲಕ್ಷಣವಾಗಿರಬಹುದು. ನೋವಿಲ್ಲದ ಕಪ್ಪು ಹಕ್ಕಳೆಯೊಂದಿಗೆ ಜ್ವರ ಬಂದರೆ ಸ್ಕ್ರಬ್ ಟೈಫಸ್ (ಸಣ್ಣ ನುಸಿಮರಿಗಳ ಕಡಿತದಿಂದ ಬರುವ ಸೋಂಕು ಜ್ವರ) ಅನ್ನು ಶಂಕಿಸಬೇಕಾಗುತ್ತದೆ. ಆದ್ದರಿಂದ ಕಚ್ಚಿದ ವಿಷಯವನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಪ್ರಶ್ನೆ ಕೇಳಿದವರು: ಕೀವು ಕಾಣುತ್ತಿದೆ, ಹಿಸುಕಿ ತೆಗೆಯಬಹುದೇ?

ಉತ್ತರ 1: ಬೇಡ, ಸೋಂಕು ಇನ್ನಷ್ಟು ಆಳಕ್ಕಿಳಿಯಬಹುದು. ಸೋಪು ನೀರಿನಿಂದ ಮೆಲ್ಲಗೆ ತೊಳೆದು, ಸ್ವಚ್ಛವಾದ ಬಟ್ಟೆಯಿಂದ ಮುಚ್ಚಿ, ಕಾಲನ್ನು ಎತ್ತರಿಸಿಟ್ಟುಕೊಳ್ಳಿ. ಕೀವನ್ನು ವೈದ್ಯರೇ ತೆಗೆಯಲಿ.