ಏನಾದರೂ ಆದಾಗ ಕೈಕಾಲೇ ಆಡುವುದಿಲ್ಲ, ಹೇಗೆ ತಯಾರಾಗಲಿ?

ಪ್ರಶ್ನೆ:
ಹೋದ ತಿಂಗಳು ಒಂದು ರಾತ್ರಿ ಕರೆಂಟ್ ಹೋಗಿತ್ತು. ಅಪ್ಪ ಕರೆದ ಹಾಗಾಯಿತು. ಹೋಗಿ ನೋಡಿದರೆ ಮಾತು ತೊದಲುತ್ತಿತ್ತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಟಾರ್ಚ್ ಎಲ್ಲಿದೆ ಅಂತ ನೆನಪಾಗಲಿಲ್ಲ. ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಪಕ್ಕದ ಮನೆಯವರನ್ನು ಎಬ್ಬಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರ್ ಮೊದಲು ಕೇಳಿದ್ದು ಎರಡೇ ಮಾತು. ಇದು ಎಷ್ಟು ಹೊತ್ತಿಗೆ ಶುರುವಾಯಿತು? ಯಾವ ಮಾತ್ರೆ ತಗೊಳ್ತಾರೆ? ಎರಡಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಪ್ಪ ಈಗ ಸುಧಾರಿಸಿಕೊಂಡಿದ್ದಾರೆ. ನನಗೇ ನಿದ್ದೆ ಇಲ್ಲ. ಸಣ್ಣ ಸದ್ದಾದರೂ ಎದ್ದು ಕೂರುತ್ತೇನೆ. ಸದಾ ಹೆದರಿಕೊಂಡೇ ಇರದೆ ತಯಾರಾಗಿರುವುದು ಹೇಗೆ?

ಉತ್ತರ 1:
ನಾನು ಹದಿನೆಂಟು ವರ್ಷ ಎಮರ್ಜೆನ್ಸಿ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಮೊದಲ ವರ್ಷ ನಾನೂ ಹಾಗೇ ನಿಂತುಬಿಟ್ಟಿದ್ದೇನೆ. ಅದು ನಿಮ್ಮ ತಪ್ಪಲ್ಲ ತಂಗಿ. ಗಾಬರಿಯಲ್ಲಿ ಹೊಸದಾಗಿ ಯೋಚಿಸುವುದು ಯಾರಿಗೂ ಕಷ್ಟ. ಮೊದಲೇ ಮಾಡಿ ರೂಢಿಯಾದ ಕೆಲಸ ಮಾತ್ರ ಕೈಗೆ ಬರುತ್ತದೆ. ನಮಗೆ ಅಲ್ಲಿ ಧೈರ್ಯ ಬಂದಿದ್ದು ಮಾಡಿದ್ದನ್ನೇ ಮಾಡಿ ಮಾಡಿ.

ಪೀಟರ್ ಗೋಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು 1990ರ ದಶಕದಲ್ಲೇ ಈ ಬಗ್ಗೆ ಬರೆದಿದ್ದಾರೆ. 'ಹೀಗಾದರೆ ನಾನು ಇದನ್ನು ಮಾಡುತ್ತೇನೆ' ಅಂತ ಮೊದಲೇ ಗಟ್ಟಿಮಾಡಿಕೊಳ್ಳಬೇಕು. ಸುಮ್ನೆ 'ಹುಷಾರಾಗಿರುತ್ತೇನೆ' ಅಂದುಕೊಂಡರೆ ಸಾಲದು. ನಿಮ್ಮ ಮನೆಗಾದರೆ ಹೀಗೆ: ಅಪ್ಪನ ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಇವುಗಳಲ್ಲಿ ಒಂದೇ ಕಂಡರೂ ಪಾರ್ಶ್ವವಾಯು (ಸ್ಟ್ರೋಕ್) ಇರಬಹುದು ಅಂತ ತಿಳಿದು, ಮೊದಲು ಆಂಬುಲೆನ್ಸಿಗೆ ಫೋನ್, ತಕ್ಷಣ ಗಡಿಯಾರ ನೋಡುವುದು. ತಾನೇ ಸರಿಹೋಯಿತು ಅನ್ನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು. ನೀರು, ಮಾತ್ರೆ ಏನೂ ಬಾಯಿಗೆ ಹಾಕಬೇಡಿ, ನುಂಗಲಾಗದೆ ಶ್ವಾಸನಾಳಕ್ಕೆ ಹೋಗಬಹುದು.

ಡಾಕ್ಟರ್ ಹೊತ್ತು ಕೇಳಿದ್ದಕ್ಕೆ ಕಾರಣ ಇದೆ. ಮೆದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಶುರುವಾಗಿದ್ದು ಗೊತ್ತಿಲ್ಲದಿದ್ದರೆ, ಅವರು ಕೊನೆಯ ಸಲ ಚೆನ್ನಾಗಿದ್ದಿದ್ದು ಎಷ್ಟು ಹೊತ್ತಿಗೆ ಅಂತ ಹೇಳಿ. 'ಹತ್ತು ಗಂಟೆಗೆ ಮಾತಾಡಿ ಮಲಗಿದರು' ಅಂದರೂ ಅದು ದೊಡ್ಡ ಸಹಾಯ.

ಮಾತ್ರೆಗಳ ಹೆಸರು, ಎಷ್ಟು, ಯಾವಾಗ, ಯಾವ ಔಷಧಿ ಒಗ್ಗುವುದಿಲ್ಲ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲಿನ ಒಳಗಡೆ ಅಂಟಿಸಿ. ಫೋನಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ಆಮೇಲೆ ಒಂದು ರಾತ್ರಿ ಲೈಟ್ ಆರಿಸಿ, ಹಾಸಿಗೆಯಿಂದ ಎದ್ದು ಟಾರ್ಚ್, ಫೋನ್, ಹಾಳೆ ಮೂರನ್ನೂ ಕೈಗೆ ತಗೊಳ್ಳಿ. ನಿಜವಾಗಿ ಎದ್ದು ಮಾಡಿ, ಬರೀ ಮನಸ್ಸಿನಲ್ಲಿ ಬೇಡ.

ಉತ್ತರ 2:
ಅಕ್ಕ ಹೇಳಿದ್ದು ಕೆಲಸ ಹೋದಾಗಲೂ ಅನ್ವಯಿಸುತ್ತದೆ. ನನ್ನ ಕೆಲಸ ಹೋದ ದಿನ ಮನೆಯ ಮೂರು ತಿಂಗಳ ಖರ್ಚಿಗೆ ಆಗುವಷ್ಟು ದುಡ್ಡು ಬೇರೆ ಖಾತೆಯಲ್ಲಿತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ದುಡ್ಡೊಂದೇ ಅಲ್ಲ. ಕೆಟ್ಟ ಸುದ್ದಿ ಬಂದರೆ ಮೊದಲು ಯಾರಿಗೆ ಹೇಳಬೇಕು ಅಂತ ನಾನು, ನನ್ನ ಹೆಂಡತಿ ಮುಂಚೆಯೇ ಮಾತಾಡಿಕೊಂಡಿದ್ದೆವು. ಮುಚ್ಚಿಡುವ ಯೋಚನೆಯೇ ಬರಲಿಲ್ಲ. ಸಂಜೆಯೇ ಇಬ್ಬರೂ ಕೂತು ಯಾವ ಖರ್ಚು ನಿಲ್ಲಿಸಬಹುದು ಅಂತ ಬರೆದೆವು. ಆ ರಾತ್ರಿ ನಿದ್ದೆಯೂ ಬಂತು.

ಪ್ರಶ್ನೆ ಕೇಳಿದವರು:
ಅಕ್ಕಾ, ನಿನ್ನೆ ರಾತ್ರಿ ಮಾಡಿ ನೋಡಿದೆ. ಕತ್ತಲಲ್ಲಿ ಸ್ಟೂಲ್ ಎಡವಿದೆ, ಟಾರ್ಚ್ ಸಿಗುವುದಕ್ಕೆ ಒಂದು ನಿಮಿಷಕ್ಕಿಂತ ಜಾಸ್ತಿ ಆಯಿತು. ಸ್ಟೂಲನ್ನು ಹೊರಗೆ ಹಾಕಿದೆ, ಟಾರ್ಚನ್ನು ಮಂಚದ ಕಾಲಿಗೆ ಕಟ್ಟಿದೆ. ಎರಡನೇ ಸಲ ಮೂರೂ ಬೇಗ ಕೈಗೆ ಬಂದವು. ಹಾಳೆಯನ್ನು ಅಪ್ಪನೇ ಕೂತು ಬರೆಸಿದರು. ನನಗೆ ಗೊತ್ತೇ ಇಲ್ಲದ ಒಂದು ಮಾತ್ರೆಯೂ ಅದರಲ್ಲಿತ್ತು.